ಲಿಕ್ವಿಡ್ ಡಯಟ್ ಅಂದಿದ್ದಾರಾ? ಮೊದಲು ಯಾವ ಲಿಕ್ವಿಡ್ ಅಂತ ಕೇಳಿ

ಡಾಕ್ಟರ್ "ಬರೀ ಲಿಕ್ವಿಡ್ ತಗೊಳ್ಳಿ" ಅಂದ ತಕ್ಷಣ ತಲೆಯಾಡಿಸಿ ಎದ್ದು ಬರಬೇಡಿ. ತಿಳಿಯಾದದ್ದು ಮಾತ್ರವಾ, ಹಾಲು, ಗಟ್ಟಿ ಸೂಪ್ ಕೂಡ ನಡೆಯುತ್ತಾ ಅಂತ ಕೇಳಿ. ಎರಡೂ ಬೇರೆ ಬೇರೆ.

ತಿಳಿ ದ್ರವಕ್ಕೆ ಸುಲಭದ ಗುರುತು ಇದು: ಲೋಟದ ಹಿಂದೆ ಅಕ್ಷರ ಹಿಡಿದರೆ ಓದಲು ಬರಬೇಕು. ನೀರು, ತರಕಾರಿ ಇಲ್ಲವೇ ಮಾಂಸ ಬೇಯಿಸಿ ಚೆನ್ನಾಗಿ ಸೋಸಿದ ನೀರು, ತಿರುಳಿಲ್ಲದ ಸೇಬಿನ ಜ್ಯೂಸ್, ಹಾಲು ಹಾಕದ ಟೀ. ಬ್ಲ್ಯಾಕ್ ಕಾಫಿಯಲ್ಲಿ ಅಕ್ಷರ ಎಲ್ಲಿ ಕಾಣುತ್ತೆ ಅಂತೀರಾ? ಆದರೂ ಅದಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಇರುತ್ತದೆ, ಯಾಕೆಂದರೆ ಇಲ್ಲಿ ಮುಖ್ಯ ವಿಷಯ ಕರುಳಿನಲ್ಲಿ ಏನೂ ಉಳಿಯಬಾರದು ಅನ್ನೋದು. ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಇದ್ದರೆ ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ಒಳಗೆ ಅದು ರಕ್ತದ ಹಾಗೆ ಕಾಣಬಹುದು.

ಈ ತಿಳಿ ದ್ರವಗಳಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಒಂದೆರಡು ದಿನಕ್ಕಷ್ಟೇ ಸರಿ, ತೂಕ ಇಳಿಸೋಕೆ ಅಂತ ಸುಮ್ನೆ ಮುಂದುವರಿಸಬೇಡಿ.

ಎಲ್ಲಾ ದ್ರವವೂ ನಡೆಯುತ್ತೆ ಅಂದರೆ ಕೆಲಸ ಸುಲಭ. ಹಾಲು, ನುಣ್ಣಗೆ ರುಬ್ಬಿ ಸೋಸಿದ ಸೂಪ್, ತೆಳುವಾಗಿ ಕಡೆದ ಮೊಸರು, ಬಾಯಲ್ಲಿ ಕರಗುವ ಐಸ್‌ಕ್ರೀಂ ಕೂಡ ಲೆಕ್ಕಕ್ಕೆ ಬರುತ್ತದೆ (ಬೀಜ, ಚೂರು ಇರಬಾರದು ಅಷ್ಟೇ). 250 ಎಂಎಲ್ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇರುತ್ತದೆ, ಹಾಲು ಒಗ್ಗದವರಿಗೆ ಸೋಯಾ ಹಾಲು ಒಳ್ಳೆಯದು.

ಜನ ಎಡವೋದು ಜ್ಯೂಸ್ ವಿಷಯದಲ್ಲಿ. ಇಡೀ ದಿನ ಜ್ಯೂಸ್ ಒಂದನ್ನೇ ಕುಡಿದರೆ ಸಕ್ಕರೆ ಜಾಸ್ತಿ ಸೇರುತ್ತದೆ, ಆದರೆ ಉಪ್ಪಿನಂಶ ಸಾಲದೆ ಸಂಜೆಗೆ ತಲೆ ಭಾರ, ಸುಸ್ತು ಬರಬಹುದು. ಒಂದು ಸಲ ಸಿಹಿ ಕುಡಿದರೆ ಮುಂದಿನ ಸಲ ಉಪ್ಪಿನ ಸೂಪ್ ಕುಡಿಯಿರಿ. ಒಂದೇ ಸಲ ಲೋಟಗಟ್ಟಲೆ ಬೇಡ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಸಾಕು. ಸೋಡಾ ಹೊಟ್ಟೆ ಉಬ್ಬಿಸುತ್ತದೆ. ಮದ್ಯ ಬೇಡವೇ ಬೇಡ. ಹಲ್ಲು ಕೀಳಿಸಿಕೊಂಡಿದ್ದರೆ ಸ್ಟ್ರಾ ಮುಟ್ಟಬೇಡಿ, ಎಳೆದು ಕುಡಿಯುವಾಗ ಗಾಯದ ಮೇಲಿನ ಹೆಪ್ಪು ಕಿತ್ತುಬರಬಹುದು.

ಶುಗರ್ ಇರುವವರು ಮಾತ್ರೆ, ಇನ್ಸುಲಿನ್ ಎಷ್ಟು ತಗೋಬೇಕು ಅಂತ ಮೊದಲೇ ಕೇಳಿಕೊಳ್ಳಿ. ಕಿಡ್ನಿ, ಹೃದಯದ ತೊಂದರೆ ಇದ್ದರೆ ದಿನಕ್ಕೆ ಎಷ್ಟು ನೀರು ಅನ್ನೋದಕ್ಕೂ ಮಿತಿ ಇರಬಹುದು. ನುಂಗೋಕೇ ಕಷ್ಟ ಆಗಿ ಕೆಮ್ಮು ಬರುವವರಿಗಂತೂ ತೆಳು ನೀರೇ ಅಪಾಯ, ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಅಂಥವರಿಗೆ ಎಷ್ಟು ಗಟ್ಟಿ ಮಾಡಿ ಕೊಡಬೇಕು ಅಂತ ಡಾಕ್ಟರೇ ಹೇಳಬೇಕು.