ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುವಾಗ ನಿದ್ದೆ ಉಳಿಸಿಕೊಳ್ಳುವುದು ಹೇಗೆ

ಅಟ್ಲಾಂಟಿಕ್ ದಾಟಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಬಿರುಗಾಳಿ ಸಿಕ್ಕಿತಾ?" ಸಿಗಲಿಲ್ಲ. ಅದನ್ನು ತಪ್ಪಿಸಲೆಂದೇ ದಾರಿಯನ್ನೂ ತಿಂಗಳನ್ನೂ ಆರಿಸಿಕೊಂಡಿದ್ದೆವು. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ ಸುಮಾರು 2,700 ನಾಟಿಕಲ್ ಮೈಲಿ. 42 ಅಡಿ ದೋಣಿ, ನಾಲ್ಕು ಜನ, 20 ದಿನ. ನಮ್ಮನ್ನು ನಿಜವಾಗಿ ಕಾಡಿದ್ದು ನಿದ್ದೆ. ನಿದ್ದೆ ಕೆಟ್ಟವರು ಊಟ ಬಿಡುತ್ತಾರೆ. ಊಟ ಬಿಟ್ಟವರಿಗೆ ತಲೆ ಓಡುವುದಿಲ್ಲ. ತಲೆ ಓಡದವರು ಕತ್ತಲಲ್ಲಿ, ನೀರಿಗೆ ಬೀಳದಂತೆ ದೋಣಿಗೆ ಸಿಕ್ಕಿಸಿಕೊಳ್ಳುವ ಬೆಲ್ಟ್ ಸಿಕ್ಕಿಸದೆ ಡೆಕ್ ಮೇಲೆ ಹೋಗುತ್ತಾರೆ. ಅದಕ್ಕೇ ಗಾಳಿ, ಅಡುಗೆ, ಮೋಡ ಎಲ್ಲವನ್ನೂ ಇಲ್ಲಿ ನಿದ್ದೆಯ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ತಿಂಗಳು. ಅಟ್ಲಾಂಟಿಕ್‌ನಲ್ಲಿ ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲ. ನಾವು ಡಿಸೆಂಬರ್ ಮೊದಲ ವಾರ ಹೊರಟೆವು. ನಕ್ಷೆಯಲ್ಲಿ ನೇರ ಪಶ್ಚಿಮಕ್ಕೆ ಗೆರೆ ಎಳೆಯಬೇಡಿ, ಆ ಗೆರೆಯ ಮೇಲೆ ಗಾಳಿಯನ್ನು ನಂಬುವಂತಿಲ್ಲ. "ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ ಹೋಗು, ಆಮೇಲೆ ಪಶ್ಚಿಮಕ್ಕೆ ತಿರುಗು" ಅನ್ನುವುದು ಹಳೇ ನಾವಿಕರ ಮಾತು. ಕ್ಯಾನರಿಯ ದಕ್ಷಿಣಕ್ಕಿರುವ ಕೇಪ್ ವರ್ಡೆ ದ್ವೀಪಗಳ ಕಡೆಗೆ ಮುಖ ಮಾಡಿ ಇಳಿಯುತ್ತಾ ಹೋದರೆ ಈಶಾನ್ಯದ ಗಾಳಿ ಹಿಡಿಯುತ್ತದೆ. ಶಾಲೆಯಲ್ಲಿ ವಾಣಿಜ್ಯ ಮಾರುತ ಅಂತ ಓದಿದ್ದೆವಲ್ಲ, ಅದೇ. ಸಾಮಾನ್ಯವಾಗಿ 15ರಿಂದ 20 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ), ಹಗಲು ರಾತ್ರಿ ಬೆನ್ನ ಹಿಂದಿನಿಂದ. ಆದರೆ ಹೊರಟ ಮೊದಲ ರಾತ್ರಿಯೇ ಹುಷಾರಾಗಿರಿ. ಕ್ಯಾನರಿಯ ಎತ್ತರದ ದ್ವೀಪಗಳ ನಡುವೆ ಗಾಳಿ ನುಸುಳುವಾಗ ಅದರ ವೇಗ 10–15 ನಾಟ್ ಏರಿಬಿಡುತ್ತದೆ. ಬಂದರು ಬಿಡುವ ಮೊದಲೇ ಹಾಯಿಯನ್ನು ಸ್ವಲ್ಪ ಇಳಿಸಿ ಕಟ್ಟಿ, ಅಂದರೆ ರೀಫ್ ಹಾಕಿ.

ಮೊದಲ ಮೂರು ದಿನ ಹೊಟ್ಟೆ ತೊಳಸುತ್ತದೆ. ಮಾತ್ರೆಯನ್ನು ಹೊರಡುವ ಹಿಂದಿನ ರಾತ್ರಿಯೇ ತೆಗೆದುಕೊಳ್ಳಿ. ಯಾವುದು ನಿಮಗೆ ಒಗ್ಗುತ್ತದೆ ಅಂತ ಡಾಕ್ಟರ್ ಹತ್ತಿರ ಮೊದಲೇ ಕೇಳಿರಿ. ಒಳಗೆ ಕೂತು ಫೋನ್ ನೋಡಬೇಡಿ, ಹೊರಗೆ ಬಂದು ದೂರದ ನೀರಿನಂಚು ನೋಡಿ. ನಾನು ಕುಂದಾಪುರದ ಕಡೆಯವಳು. ಊರಿನಿಂದ 5 ಕಿಲೋ ಕುಚ್ಚಲಕ್ಕಿ ತಂದಿದ್ದೆ. ಬಿಸಿ ಗಂಜಿ, ಒಂದು ಚೂರು ಮಿಡಿ ಉಪ್ಪಿನಕಾಯಿ. ನಮ್ಮ ಜೊತೆಗಿದ್ದವರಲ್ಲಿ ಇಬ್ಬರು ಅದನ್ನು ಹಿಂದೆಂದೂ ನೋಡಿದವರಲ್ಲ. ಎರಡನೇ ದಿನ ಬೇರೆ ಯಾವುದೂ ನಿಲ್ಲದ ಹೊಟ್ಟೆಯಲ್ಲಿ ಅದು ನಿಂತಿತು.

ರಾತ್ರಿ ಪಾಳಿ ಹೀಗೆ ಮಾಡಿಕೊಂಡೆವು: ಎಂಟರಿಂದ ಹನ್ನೊಂದು, ಹನ್ನೊಂದರಿಂದ ಎರಡು, ಎರಡರಿಂದ ಐದು, ಐದರಿಂದ ಎಂಟು. ಒಬ್ಬೊಬ್ಬರಿಗೆ ಮೂರೇ ಗಂಟೆ. ನನ್ನದು ಎರಡರಿಂದ ಐದು, 20 ದಿನವೂ ಅದೇ. ಕೆಲವರು ದಿನಕ್ಕೊಮ್ಮೆ ಪಾಳಿ ಬದಲಿಸುತ್ತಾರೆ. ನನ್ನ ಅನುಭವದಲ್ಲಿ ಬದಲಿಸದಿರುವುದೇ ಒಳ್ಳೆಯದು. ನಾಲ್ಕನೇ ದಿನದ ಹೊತ್ತಿಗೆ ಮೈ ತಾನೇ ಏಳುತ್ತದೆ. ಇನ್ನೊಂದು ವಿಷಯ: ಪಶ್ಚಿಮಕ್ಕೆ ಹೋದ ಹಾಗೆ ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ ಗಡಿಯಾರ ಹಿಂದೆ ಹೋಗಬೇಕು. ಈ ದಾರಿಯಲ್ಲಿ ಒಟ್ಟು ನಾಲ್ಕು ಗಂಟೆ. ಅದನ್ನು ರಾತ್ರಿ ಮಾಡಿದರೆ ಯಾರೋ ಒಬ್ಬರ ಪಾಳಿ ನಾಲ್ಕು ಗಂಟೆಯಾಗಿ ಬೇಜಾರು ಶುರುವಾಗುತ್ತದೆ. ನಾವು ಸಂಜೆ ಚಾ ಹೊತ್ತಿಗೆ, ನಾಲ್ವರೂ ಎಚ್ಚರವಿರುವಾಗ, ಮುಳ್ಳು ಹಿಂದೆ ತಿರುಗಿಸುತ್ತಿದ್ದೆವು.

ಪಾಳಿಯಲ್ಲಿರುವವರು ಹತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ನೋಡಲೇಬೇಕು. ದೂರದಲ್ಲಿ ಚುಕ್ಕಿಯಂತೆ ಕಂಡ ದೀಪ 15–20 ನಿಮಿಷದಲ್ಲಿ ದೊಡ್ಡ ಸರಕು ಹಡಗಾಗಿ ಪಕ್ಕದಲ್ಲಿ ಇರಬಹುದು. ಸುತ್ತಲಿನ ಹಡಗುಗಳನ್ನು ತೋರಿಸುವ ಎಐಎಸ್ ಪರದೆ ಇದೆ ಅಂತ ಸುಮ್ನೆ ಕೂರಬೇಡಿ. ಲೈಫ್‌ಜಾಕೆಟ್ ಹಾಕಿ, ಬೆಲ್ಟಿನ ಕೊಕ್ಕೆಯನ್ನು ಮೆಟ್ಟಿಲಲ್ಲಿ ನಿಂತಾಗಲೇ, ಹೊರಗೆ ಕಾಲಿಡುವ ಮೊದಲೇ ಸಿಕ್ಕಿಸಿ. ಬೇರೆಯವರನ್ನು ಎಬ್ಬಿಸದೆ ರಾತ್ರಿ ಒಬ್ಬರೇ ಮುಂದಿನ ಡೆಕ್‌ಗೆ ಹೋಗಬೇಡಿ. ಈ ಒಂದು ಕೆಲಸಕ್ಕೆ ಯಾರ ನಿದ್ದೆ ಕೆಡಿಸಿದರೂ ತಪ್ಪಿಲ್ಲ.

ಮಲಗುವ ಜಾಗ ದೋಣಿಯ ನಡುವೆ, ತಗ್ಗಿನಲ್ಲಿ ಇರಲಿ. ಗಾಳಿ ಹಿಂದಿನಿಂದ ಬಂದರೆ ದೋಣಿ ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇರುತ್ತದೆ. ಹಾಸಿಗೆಯ ಅಂಚಿಗೆ ದಪ್ಪ ಬಟ್ಟೆಯ ತಡೆ ಎಳೆದು ಕಟ್ಟಿ, ಬೆನ್ನಿಗೊಂದು ದಿಂಬು ಕೊಟ್ಟು ಮಲಗಿ. ಸದ್ದೂ ನಿದ್ದೆ ತಿನ್ನುತ್ತದೆ. ಆರನೇ ರಾತ್ರಿ ಎಲ್ಲೋ ಟಕ್, ಟಕ್ ಅನ್ನುತ್ತಿತ್ತು. ಪ್ರತಿ ಹೊರಳಿಗೆ ಎರಡು ಸಲ. ಟಾರ್ಚ್ ಹಿಡಿದು ಮುಕ್ಕಾಲು ಗಂಟೆ ಹುಡುಕಿದೆ. ಡ್ರಾಯರಿನ ಹಿಂಬದಿಗೆ ಬಿದ್ದಿದ್ದ ಒಂದು ಸಾಸಿವೆ ಡಬ್ಬಿ. ಹಳೇ ಟವೆಲುಗಳನ್ನು ಜಾಸ್ತಿ ತನ್ನಿ, ಡಬ್ಬಿ ಬಾಟಲಿಗಳ ನಡುವೆ ತುರುಕಿ.

ಅಡುಗೆಗೆ ಪ್ರೆಶರ್ ಕುಕ್ಕರ್‌ನಂಥ ಪಾತ್ರೆ ಇನ್ನೊಂದಿಲ್ಲ. ಮುಚ್ಚಳ ಬಿಗಿಯಾಗಿರುವುದರಿಂದ ಬಿಸಿ ನೀರು ಮೈಮೇಲೆ ಚೆಲ್ಲುವ ಭಯ ಕಡಿಮೆ, ಗ್ಯಾಸೂ ಉಳಿಯುತ್ತದೆ. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಅನ್ನಕ್ಕೆ ಹಾಕುವ ನೀರಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಕಡಲ ನೀರು ಸಾಕು, ಬೇರೆ ಉಪ್ಪು ಬೇಡ. ದಡದಿಂದ ದೂರ ಬಂದ ಮೇಲೆ ಮಾತ್ರ ಈ ನೀರು ಎತ್ತಿ. ಒಲೆ ದೋಣಿಯ ಜೊತೆ ತೂಗುವಂತೆ ಇರುತ್ತದೆ, ಅದರ ಕೊಕ್ಕೆ ಬಿಚ್ಚಿದೆಯಾ ಅಂತ ನೋಡಿಯೇ ಬೆಂಕಿ ಹಚ್ಚಿ. ಕುದಿಯುವ ಪಾತ್ರೆ ಇರುವಾಗ ಬರಿಮೈ, ಬರಿಗಾಲು ಬೇಡ. ಎಲೆಕೋಸು, ಈರುಳ್ಳಿ ಕೊನೆಯವರೆಗೂ ಬಂದವು. ಫ್ರಿಜ್ ಕಾಣದ, ತೊಳೆಯದ ಮೊಟ್ಟೆ ತನ್ನಿ, ಎರಡು ದಿನಕ್ಕೊಮ್ಮೆ ತಿರುವಿಡಿ. ರಟ್ಟಿನ ಪೆಟ್ಟಿಗೆ ಒಳಗೆ ತರಬೇಡಿ, ಜಿರಲೆ ಮೊಟ್ಟೆ ಅದರಲ್ಲೇ ಬರುತ್ತದೆ.

ಈಗ ಮೋಡದ ವಿಷಯ. ಈ ದಾರಿಯಲ್ಲಿ ಕೆಲಸ ಕೊಡುವುದು ಸ್ಕ್ವಾಲ್, ಅಂದರೆ ಒಂದೇ ಮೋಡದ ಕೆಳಗೆ ಬರುವ ಗಾಳಿಮಳೆ. ಬಾಯಾರಿಕೆ, ನಿದ್ದೆಗಣ್ಣು ಎಲ್ಲ ಇರುವ ರಾತ್ರಿ ಮೂರಕ್ಕೇ ಅದು ಬರುವುದು ಜಾಸ್ತಿ ಅಂತ ನನಗೆ ಅನ್ನಿಸುತ್ತಿತ್ತು. ಗಾಳಿ ಹಿಂದಿನಿಂದ ಇರುವಾಗ ಅದೂ ಹಿಂದಿನಿಂದಲೇ ಬರುತ್ತದೆ, ಹಾಗಾಗಿ ಹಿಂದೆ ನೋಡಿ. ಹಗಲಲ್ಲಾದರೆ ಬುಡ ಕಪ್ಪಾಗಿ, ಕೆಳಗೆ ಬೂದು ಪರದೆ ಇಳಿಬಿಟ್ಟ ಹಾಗೆ ಕಾಣುತ್ತದೆ. ರಾತ್ರಿ ನಕ್ಷತ್ರಗಳನ್ನು ನೋಡಬೇಕು. ಹನ್ನೊಂದನೇ ರಾತ್ರಿ ಹಿಂದಿನ ನೀರಿನಂಚಿನಿಂದ ಮೇಲಕ್ಕೆ ನಕ್ಷತ್ರಗಳು ಒಂದೊಂದೇ ಅಳಿಸಿಹೋದವು. ರಾಡಾರಿನಲ್ಲಿ ಮಳೆ ಹಸಿರು ಕಲೆಯಾಗಿ ಕಂಡಿತು. ಆಮೇಲೆ ಕುತ್ತಿಗೆಗೆ ತಣ್ಣನೆಯ ಗಾಳಿ ತಾಗಿತು. ತಂಪು ಗಾಳಿ ತಾಗಿದ ಮೇಲೆ ಸಮಯ ಬಹಳ ಕಡಿಮೆ. 18 ನಾಟ್ ಇದ್ದದ್ದು 33ಕ್ಕೆ ಹೋಯಿತು. ಹದಿನೈದು ನಿಮಿಷ ಮಳೆ ಹೊಡೆಯಿತು. ಆಮೇಲೆ ಗಾಳಿಯೇ ಇಲ್ಲ, ಹಾಯಿ ಪಟಪಟ ಬಡಿಯುತ್ತಿತ್ತು. ಆ ಹೊತ್ತಿಗೆ ರೀಫ್ ಬಿಚ್ಚಲು ಅವಸರ ಬೇಡ, ಅದರ ಹಿಂದೆ ಇನ್ನೊಂದು ಮೋಡ ಇದೆಯಾ ಅಂತ ಮೊದಲು ನೋಡಿ.

ಆ ರಾತ್ರಿ ನಾನು ಯಾರನ್ನೂ ಎಬ್ಬಿಸಬೇಕಾಗಲಿಲ್ಲ. ಸೂರ್ಯ ಮುಳುಗುವ ಮೊದಲೇ ನಾಲ್ವರೂ ಸೇರಿ ರೀಫ್ ಹಾಕಿದ್ದೆವು. ದಿನಾ ಸಂಜೆ ಹೀಗೆ ಮಾಡಿ. ದಿನಕ್ಕೆ ಹತ್ತು ಮೈಲಿ ಕಡಿಮೆಯಾದರೆ ಆಗಲಿ, ಮೂರು ಜನರ ನಿದ್ದೆ ಉಳಿಯುತ್ತದೆ.

ವಾಯುಭಾರಮಾಪಕವನ್ನು ಮೂರು ಗಂಟೆಗೊಮ್ಮೆ ಬರೆದಿಡಿ. ಉಷ್ಣವಲಯದಲ್ಲಿ ಅದಕ್ಕೊಂದು ದಿನಚರಿ ಇದೆ: ಹತ್ತು ಗಂಟೆ ಸುಮಾರಿಗೆ ಏರುತ್ತದೆ, ನಾಲ್ಕಕ್ಕೆ ಇಳಿಯುತ್ತದೆ, ಹಗಲಲ್ಲೂ ರಾತ್ರಿಯಲ್ಲೂ. ಈ ಲಯ ಗೊತ್ತಿಲ್ಲದವರು ಮಧ್ಯಾಹ್ನದ ಇಳಿತ ಕಂಡು ಗಾಬರಿಯಾಗುತ್ತಾರೆ. ಲಯ ತಪ್ಪಿ ಇಳಿದರೆ ಮಾತ್ರ ಉಪಗ್ರಹ ಫೋನಿನಲ್ಲಿ ಹೊಸ ಮುನ್ಸೂಚನೆ ತರಿಸಿ.

ಬೆಳಿಗ್ಗೆ ಚಾ ಕುಡಿದು ಡೆಕ್ ಸುತ್ತಿ ಬನ್ನಿ. ರಾತ್ರಿ ಹಾರಿ ಬಿದ್ದ ಹಾರುಮೀನುಗಳನ್ನು ತೆಗೆಯಿರಿ. ಹಗ್ಗ ಎಲ್ಲಿ ಉಜ್ಜುತ್ತಿದೆ ಅಂತ ಕೈಯಲ್ಲಿ ಮುಟ್ಟಿ ನೋಡಿ. ಹಗಲು ಕಂಡ ಸವಕಲು ರಾತ್ರಿ ತುಂಡಾಗುತ್ತದೆ. ಸರ್ಗಾಸಮ್ ಎಂಬ ಹಳದಿ ಕಡಲಪಾಚಿ ಚುಕ್ಕಾಣಿಗೆ ಸುತ್ತಿಕೊಂಡರೆ ದೋಣಿ ಭಾರವಾಗುತ್ತದೆ, ಅದನ್ನೂ ನೋಡಿ.

ಕೊನೆಯ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ, ನೆಲ ಕಾಣುವ ಆಸೆ. ಪಾಳಿ ಮುರಿಯಬೇಡಿ. ಗೊತ್ತಿಲ್ಲದ ಬಂದರಿಗೆ ಕತ್ತಲಲ್ಲಿ ನುಗ್ಗಲೂ ಬೇಡಿ. ನಾವು ಹಾಯಿ ಕಡಿಮೆ ಮಾಡಿ ವೇಗ ಇಳಿಸಿದೆವು. ನನ್ನ ಪಾಳಿಯಲ್ಲಿ ಬಲಕ್ಕೆ ಪಕ್ಕದ ದ್ವೀಪ ಮಾರ್ಟಿನಿಕ್‌ನ ದೀಪಗಳು, ಮುಂದೆ ಸೇಂಟ್ ಲೂಸಿಯಾ. ಐದಕ್ಕೆ ಮುಂದಿನವರನ್ನು ಎಬ್ಬಿಸಿ, ದೀಪ ಯಾವ ಕಡೆ ಅಂತ ತೋರಿಸಿ, ಒಳಗೆ ಹೋಗಿ ಮಲಗಿದೆ.