ಇನ್ಸುಲಿನ್ ಹೊತ್ತು ಮೈಸೂರಿನಿಂದ ನ್ಯೂಜೆರ್ಸಿಗೆ

ಬೆಳಗಿನ ತಿಂಡಿಗೆ ಮೊದಲು 24 ಯೂನಿಟ್, ರಾತ್ರಿ ಊಟಕ್ಕೆ ಮೊದಲು 16 ಯೂನಿಟ್ ಮಿಶ್ರ ಇನ್ಸುಲಿನ್ ನನಗೆ ಬೇಕೇ ಬೇಕು. ಅದರ ಜೊತೆ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಅಂಗಾಲಿನ ಉರಿಗೆ ಮಲಗುವ ಹೊತ್ತಿಗೊಂದು ಪ್ರೆಗಾಬಾಲಿನ್. ಹೆಂಡತಿಯದು ಥೈರಾಯ್ಡ್ ಮಾತ್ರೆ. ಇವನ್ನೆಲ್ಲ ಹೊತ್ತು ನ್ಯೂಜೆರ್ಸಿಯ ಮಗಳ ಮನೆಗೆ ಹೋಗಬೇಕು, ಬರುವಾಗ ದುಬೈನಲ್ಲಿ ತಮ್ಮನ ಮನೆಯಲ್ಲಿ ಕೆಲವು ದಿನ ಇರಬೇಕು ಎಂದು ನಿಶ್ಚಯವಾದ ಮೇಲೆ ಬಟ್ಟೆಬರೆಯ ಯೋಚನೆಯನ್ನು ಹೆಂಡತಿಗೆ ಬಿಟ್ಟು ನಾನು ಔಷಧದ ಲೆಕ್ಕಕ್ಕೆ ಕುಳಿತೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪ್ರಕಾರ ಪ್ರವಾಸಿ ತನ್ನ ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳ ಔಷಧವನ್ನು ತರಬಹುದು. ಮನೆಯಲ್ಲಿ ನಾನು ಬಳಸುತ್ತಿದ್ದುದು ಸೀಸೆ ಮತ್ತು ಸಿರಿಂಜ್. ಪ್ರಯಾಣಕ್ಕಾಗಿ ವೈದ್ಯರು ಇನ್ಸುಲಿನ್ ಪೆನ್ನಿಗೆ, ಅಂದರೆ ಪೆನ್ನಿನಾಕಾರದ ಚುಚ್ಚುವ ಸಾಧನಕ್ಕೆ, ಬದಲಾಯಿಸಿದರು. ಪೆನ್ನಿನಲ್ಲಿ ಪ್ರತಿ ಸಲವೂ ಚುಚ್ಚುವ ಮೊದಲು 2 ಯೂನಿಟ್ ಹೊರಗೆ ಬಿಟ್ಟು ಸೂಜಿಯಲ್ಲಿ ಹನಿ ಬರುತ್ತದೆಯೇ ಎಂದು ನೋಡಬೇಕು. ಹಾಗಾಗಿ ದಿನದ ಖರ್ಚು 40 ಅಲ್ಲ, 44. ತೊಂಬತ್ತು ದಿನಕ್ಕೆ 3,960. ಪೆನ್ನಿನೊಳಗೆ ಹಾಕುವ ಇನ್ಸುಲಿನ್ ಕೊಳವೆಗೆ ಕಾರ್ಟ್ರಿಡ್ಜ್ ಎನ್ನುತ್ತಾರೆ; ಒಂದರಲ್ಲಿ 300 ಯೂನಿಟ್ ಇರುವುದರಿಂದ 14 ಬೇಕು. ಈ ಗುಣಾಕಾರವನ್ನು ವೈದ್ಯರ ಪತ್ರದಲ್ಲೇ ಬರೆಸಿಕೊಂಡೆ. ‘ಇಷ್ಟೊಂದು ಏಕೆ’ ಎಂದು ಯಾರಾದರೂ ಕೇಳಿದರೆ ಉತ್ತರ ನನ್ನ ಬಾಯಿಂದ ಬರುವುದಕ್ಕಿಂತ ಆ ಕಾಗದದಿಂದ ಬರುವುದು ಮೇಲು.

ಇನ್ಸುಲಿನ್ ಎಂದರೆ ಎಲ್ಲರಿಗೂ ಫ್ರಿಜ್ಜಿನದೇ ಚಿಂತೆ. ‘ಐಸ್ ಹಾಕಿಕೊಂಡು ಹೋಗಿ’ ಎನ್ನದ ನೆಂಟರಿಲ್ಲ. ನಿಜವಾಗಿ ಅಂಜಬೇಕಾದದ್ದು ಹೆಪ್ಪುಗಟ್ಟುವುದಕ್ಕೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು ಎಂಬುದು ತಿಂಗಳುಗಟ್ಟಲೆ ಇಡುವ ಮಾತು. ಬಳಸುತ್ತಿರುವ ಕಾರ್ಟ್ರಿಡ್ಜ್ ಬಿಸಿಲು ತಾಗದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ವಿಮಾನದೊಳಗಿನ ಹವೆಯಲ್ಲಿ ಒಂದು ದಿನ ಅದಕ್ಕೆ ಏನೂ ಆಗದು. ಆದರೆ ಒಮ್ಮೆ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಅದು ಔಷಧವಲ್ಲ. ಮಿಶ್ರ ಇನ್ಸುಲಿನ್ನಿನಲ್ಲಿ ಹಿಟ್ಟಿನಂಥ ಗಂಟುಗಳು ನಿಲ್ಲುತ್ತವೆ, ಎಷ್ಟು ಉರುಳಿಸಿದರೂ ಒಂದಾಗುವುದಿಲ್ಲ. ವಿಮಾನದ ಸರಕಿನ ಕೋಣೆಯಲ್ಲಿ ಚಳಿ ಎಷ್ಟಿರುತ್ತದೋ ನಮ್ಮ ಕೈಯಲ್ಲಿಲ್ಲ, ಪೆಟ್ಟಿಗೆ ಬೇರೆ ಊರಿಗೆ ಹೋಗಿಬಿಡುವುದೂ ಉಂಟು. ಆದ್ದರಿಂದ ಇನ್ಸುಲಿನ್ ಪೂರ್ತಿ ಕೈಚೀಲದಲ್ಲಿ. ನೀರಲ್ಲಿ ನೆನೆಸಿದರೆ ಆವಿಯಾಗುತ್ತಾ ತಂಪು ಹಿಡಿದುಕೊಳ್ಳುವ ಬಟ್ಟೆಯ ಚೀಲವನ್ನು ಕೊಂಡೆ. ಐಸ್ ಪ್ಯಾಕ್ ಇಡಲೇಬೇಕು ಎನ್ನುವವರು ಔಷಧಕ್ಕೂ ಅದಕ್ಕೂ ನಡುವೆ ದಪ್ಪ ಟವೆಲ್ ಸುತ್ತಲಿ. ಗಗನಸಖಿಯರ ಬಳಿ ‘ಫ್ರಿಜ್ಜಿನಲ್ಲಿ ಇಡಿ’ ಎಂದು ಕೇಳುವ ಗೋಜಿಗೆ ನಾನು ಹೋಗಲಿಲ್ಲ. ಕೈಬಿಟ್ಟ ಚೀಲ ಇಳಿಯುವಾಗ ಮರೆತುಹೋಗುತ್ತದೆ.

ಕಾಗದದ ವಿಷಯದಲ್ಲಿ ನಮ್ಮವರಿಗೇ ಇರುವ ಒಂದು ತೊಡಕು ಇನಿಶಿಯಲ್. ನನ್ನ ಔಷಧ ಚೀಟಿಗಳಲ್ಲೆಲ್ಲ ಊರಿನದೊಂದು, ಅಪ್ಪನದೊಂದು ಅಕ್ಷರ, ಆಮೇಲೆ ನನ್ನ ಹೆಸರು. ಪಾಸ್‌ಪೋರ್ಟಿನಲ್ಲಿ ಮೂರೂ ಪೂರ್ತಿಯಾಗಿ, ಅದೂ ಬೇರೆ ಕ್ರಮದಲ್ಲಿ. ಹೊರಗಿನ ಅಧಿಕಾರಿಯ ಕಣ್ಣಿಗೆ ಇವರು ಇಬ್ಬರು ಮನುಷ್ಯರು. ಪಾಸ್‌ಪೋರ್ಟ್ ಪ್ರತಿಯನ್ನು ವೈದ್ಯರ ಮೇಜಿನ ಮೇಲಿಟ್ಟು, ಅದರಂತೆಯೇ ಹೆಸರು ಬರೆಸಿ, ಇಂಗ್ಲಿಷಿನಲ್ಲಿ ಲೆಟರ್‌ಹೆಡ್ ಪತ್ರ ಮಾಡಿಸಿದೆ. ಅದರಲ್ಲಿ ಕಾಯಿಲೆ, ಔಷಧಗಳ ಮೂಲ ಹೆಸರು, ಪ್ರಮಾಣ, ಸೂಜಿಗಳು ಬೇಕೆಂಬ ಮಾತು, ವೈದ್ಯರ ನೋಂದಣಿ ಸಂಖ್ಯೆ, ಸಹಿ, ಮೊಹರು. ಮೂಲ ಹೆಸರಿಗೆ ಏಕೆ ಹಟ ಹಿಡಿದೆನೆಂದರೆ, ನಮ್ಮ ಬ್ರ್ಯಾಂಡುಗಳು ಅಲ್ಲಿ ಯಾರಿಗೂ ಗೊತ್ತಿಲ್ಲ. ನಾವು ಕಣ್ಣುಮುಚ್ಚಿ ನುಂಗುವ ಡೋಲೊ ಅಲ್ಲಿ ಅಸೆಟಮಿನೊಫೆನ್.

ಮೆಡಿಕಲ್ ಷಾಪಿನವನಿಗೆ ಸ್ಟ್ರಿಪ್ ಕತ್ತರಿಸಬೇಡ ಎಂದು ಮೊದಲೇ ಹೇಳಿದ್ದೆ. ಕತ್ತರಿಸಿದ ತುಂಡಿನಲ್ಲಿ ಕೆಲವೊಮ್ಮೆ ಹೆಸರಿರುವುದಿಲ್ಲ, ಕೆಲವೊಮ್ಮೆ ಅವಧಿ ಮುಗಿಯುವ ದಿನಾಂಕವಿರುವುದಿಲ್ಲ. ಇಡೀ ಪೆಟ್ಟಿಗೆಗಳು, ಬಿಲ್ಲೂ ಪಾಸ್‌ಪೋರ್ಟ್ ಹೆಸರಿಗೇ. ವಾರದ ಮಾತ್ರೆ ಡಬ್ಬಿ ಪೆಟ್ಟಿಗೆಯ ಅಡಿಗೆ ಹೋಯಿತು.

ದುಬೈ ವಿಷಯ ಬೇರೆಯೇ. ನಮ್ಮಲ್ಲಿ ಚೀಟಿ ತೋರಿಸಿದರೆ ಸಿಗುವ ಪ್ರೆಗಾಬಾಲಿನ್, ಯುಎಇಯಲ್ಲಿ ನಿಯಂತ್ರಿತ ಔಷಧ. ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್, ನಿದ್ರೆಗೆಂದು ಎಷ್ಟೋ ಮನೆಗಳಲ್ಲಿರುವ ಆಲ್ಪ್ರಜೋಲಾಂ ಕೂಡ ಅದೇ ಸಾಲಿನವು. ಇವನ್ನು ಹಿಡಿದು ದೇಶದೊಳಗೆ ಕಾಲಿಡುವ ಮೊದಲು ಅಲ್ಲಿಯ ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಪಾಸ್‌ಪೋರ್ಟ್, ಔಷಧ ಚೀಟಿ, ವೈದ್ಯರ ವರದಿಗಳನ್ನು ಸ್ಕ್ಯಾನ್ ಮಾಡಿ ಕಳುಹಿಸಿದೆ, ಬಂದ ಅನುಮತಿಯನ್ನು ಮುದ್ರಿಸಿ ಪತ್ರದ ಹಿಂದೆಯೇ ಪಿನ್ ಹಾಕಿದೆ. ‘ಯಾರೂ ನೋಡುವುದಿಲ್ಲ ಬಿಡಣ್ಣ’ ಎಂದು ತಮ್ಮ ಫೋನಿನಲ್ಲಿ ನಕ್ಕ. ನೋಡಿದ ದಿನ ಅವನು ನನ್ನ ಪಕ್ಕದಲ್ಲಿ ಇರುವುದಿಲ್ಲವಲ್ಲ! ಅಂದ ಹಾಗೆ, ಅಲ್ಲಿ ಗಸಗಸೆಯೂ ನಿಷಿದ್ಧ. ನಾದಿನಿಗೆ ಪಾಯಸ ಮಾಡಿಕೊಡಲೆಂದು ಹೆಂಡತಿ ಕಟ್ಟಿಟ್ಟಿದ್ದ ಪೊಟ್ಟಣವನ್ನು ತೆಗೆಸಿದ್ದಕ್ಕೆ ಬೈಸಿಕೊಂಡಿದ್ದೂ ಆಯಿತು.

ಬೆಂಗಳೂರಿನ ಎರಡನೇ ಟರ್ಮಿನಲ್‌ನ ತಪಾಸಣೆಯಲ್ಲಿ, ಕೇಳುವ ಮೊದಲೇ ಚೀಲವನ್ನು ಬೇರೆ ತಟ್ಟೆಯಲ್ಲಿ ಇಟ್ಟು ‘ಇನ್ಸುಲಿನ್, ಸೂಜಿ’ ಎಂದೆ. ಸಿಬ್ಬಂದಿ ಪತ್ರದ ಮೇಲೆ ಕಣ್ಣಾಡಿಸಿ ಕಳುಹಿಸಿದರು. ದ್ರವ 100 ಮಿಲಿಲೀಟರ್ ಮೀರಬಾರದೆಂಬ ನಿಯಮ ಅಗತ್ಯ ಔಷಧಕ್ಕೆ ಅಡ್ಡಬರುವುದಿಲ್ಲ, ತೋರಿಸಬೇಕು ಅಷ್ಟೆ. ಹೆಂಡತಿಯ ಮಂಡಿನೋವಿನ ತೈಲಕ್ಕೆ ಚೀಟಿ ಇರಲಿಲ್ಲ, ಅದು ದೊಡ್ಡ ಪೆಟ್ಟಿಗೆಯಲ್ಲೇ ಹೋಯಿತು.

ವಿಮಾನದಲ್ಲಿ ಕಷ್ಟವಾಗುವುದು ಸಮಯ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ. ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ತಾಸು ಹಿಂದೆ. ಹೀಗೆ ಹೆಚ್ಚಾಗುವ ಒಂದು ಊಟಕ್ಕೆ ಎಷ್ಟು ಯೂನಿಟ್ ಎಂಬುದನ್ನು ವೈದ್ಯರು ಬರೆದುಕೊಟ್ಟಿದ್ದರು. ಆ ಅಂಕಿಯನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ದೇಹದ ಲೆಕ್ಕ. ಇಳಿಯುವವರೆಗೂ ಗಡಿಯಾರವನ್ನು ನಮ್ಮ ಸಮಯದಲ್ಲೇ ಬಿಟ್ಟಿದ್ದೆ. ಮನೆಯಲ್ಲಿ ಊಟಕ್ಕೆ ಅರ್ಧ ತಾಸು ಮೊದಲು ಚುಚ್ಚಿಕೊಳ್ಳುವ ನಾನು, ವೈದ್ಯರು ಹೇಳಿದಂತೆ ಅಲ್ಲಿ ತಟ್ಟೆ ಎದುರಿಗೆ ಬಂದ ಮೇಲೆಯೇ ಚುಚ್ಚಿಕೊಂಡೆ. ವಿಮಾನ ಕುಲುಕಾಡಿದರೆ ಊಟದ ಗಾಡಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಒಳಗೆ ಹೋದ ಇನ್ಸುಲಿನ್ ನಿಲ್ಲುವುದಿಲ್ಲ. ಸಕ್ಕರೆ ಸ್ವಲ್ಪ ಏರಿದರೂ ಚಿಂತೆಯಿಲ್ಲ, ಮೂವತ್ತೈದು ಸಾವಿರ ಅಡಿ ಮೇಲೆ ಕುಸಿಯಬಾರದು. ಜೇಬಿನಲ್ಲಿ ಗ್ಲೂಕೋಸ್ ಬಿಸ್ಕತ್ತೂ ಇತ್ತು. ಚುಚ್ಚಿದ ಕೂಡಲೇ ಪೆನ್ನಿನಿಂದ ಸೂಜಿ ಬಿಚ್ಚಬೇಕು. ಇಲ್ಲವಾದರೆ ಒತ್ತಡ ಬದಲಾದಂತೆ ಗಾಳಿಗುಳ್ಳೆ ಒಳಸೇರಿ ಮುಂದಿನ ಪ್ರಮಾಣ ತಪ್ಪುತ್ತದೆ.

ಅಮೆರಿಕದ ಕಸ್ಟಮ್ಸ್‌ನಲ್ಲಿ ಔಷಧವಿದೆ ಎಂದು ನಾನಾಗಿಯೇ ಹೇಳಿದೆ. ಅಧಿಕಾರಿಯ ಆಸಕ್ತಿ ಇದ್ದದ್ದು ಹೆಂಡತಿಯ ಚಟ್ನಿಪುಡಿಯ ಮೇಲೆ.

ಮಗಳು ವಾಪಸ್ ಟಿಕೆಟ್ಟನ್ನು ಮುಂದೂಡಿದ್ದರಿಂದ ಕಾರ್ಟ್ರಿಡ್ಜ್‌ಗಳು ಮುಗಿಯುತ್ತಾ ಬಂದವು. ಬೇಸಿಗೆಯಲ್ಲಿ ಇನ್ಸುಲಿನ್ನನ್ನು ಕೊರಿಯರ್‌ನಲ್ಲಿ ತರಿಸುವುದು ವ್ಯರ್ಥ. ಅಲ್ಲಿಯ ವೈದ್ಯರೊಬ್ಬರನ್ನು ಕಂಡು ಸೀಸೆಯ ಇನ್ಸುಲಿನ್ ತೆಗೆದುಕೊಂಡೆವು. ಇಲ್ಲಿ ತುಂಬಾ ಎಚ್ಚರ ಬೇಕು: ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಮಿಲಿಲೀಟರಿಗೆ 40 ಯೂನಿಟ್, ಸಿರಿಂಜಿನ ಗೆರೆಗಳೂ ಅದಕ್ಕೆ ತಕ್ಕಂತೆ. ಅಮೆರಿಕದ ಸೀಸೆಯಲ್ಲಿ 100. ನಮ್ಮ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಅಲ್ಲಿಯದನ್ನು ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಮನೆಯಲ್ಲಿ ಉಳಿದಿದ್ದ ಕೆಂಪು ಮುಚ್ಚಳದ ಸಿರಿಂಜುಗಳನ್ನು ನಾನು ಮೈಸೂರಿನಲ್ಲೇ ಬಿಟ್ಟುಬಂದಿದ್ದೆ. ಸೀಸೆಯ ಜೊತೆಗೇ ಅಲ್ಲಿಯ ಕಿತ್ತಳೆ ಮುಚ್ಚಳದ 100ರ ಸಿರಿಂಜುಗಳನ್ನು ಕೊಂಡು, ಮೊದಲ ದಿನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೆರೆ ಎಣಿಸಿದೆ.