ಏಟು ತಿನ್ನುವವರಿಗಾಗಿ ಮಾಡುವ ಕತ್ತಿ: ಲಾರ್ಪ್ ಆಟದ ಫೋಮ್ ಆಯುಧ, ನನ್ನ ಅನುಭವ

ಫೋಮ್ ಕತ್ತಿ ಮಾಡಲು ಕೂರುವವರು ಹೆಚ್ಚಾಗಿ ಅದನ್ನು ಹಿಡಿಯುವ ಕೈಯನ್ನು ನೆನೆಸಿಕೊಂಡು ಮಾಡುತ್ತಾರೆ. ನೋಡಲು ಹೇಗಿದೆ, ಹಿಡಿ ಚೆನ್ನಾಗಿದೆಯಾ, ಬೀಸಿದರೆ ಗತ್ತು ಬರುತ್ತದೆಯಾ ಅಂತ. ನಾನು ಮಾಡುವುದು ಅದರಿಂದ ಏಟು ತಿನ್ನುವವರನ್ನು ನೆನೆಸಿಕೊಂಡು. ಅವರಿಗೆ ನೋವಾಗಬಾರದು, ಹೆದರಿಕೆಯೂ ಆಗಬಾರದು. ಇದನ್ನು ಇಟ್ಟುಕೊಂಡರೆ ಯಾವ ಫೋಮ್, ಎಷ್ಟು ದಪ್ಪ, ತುದಿ ಹೇಗೆ ಅನ್ನುವ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುತ್ತದೆ.

ನಾನು ಸುಳ್ಯದವನು, ಈಗ ಇರುವುದು ಜರ್ಮನಿಯ ಹ್ಯಾನೋವರ್ ಹತ್ತಿರ. ಲಾರ್ಪ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಒಂದು ಕಥೆಯ ಲೋಕ ಇರುತ್ತದೆ, ನೀವು ಅದರಲ್ಲೊಂದು ಪಾತ್ರ, ಬಯಲಲ್ಲಿ ಡೇರೆ ಹಾಕಿಕೊಂಡು ಕೆಲವು ದಿನ ಆ ಪಾತ್ರವಾಗಿಯೇ ಉಣ್ಣುತ್ತೀರಿ, ಮಾತಾಡುತ್ತೀರಿ, ಜಗಳವಾಡುತ್ತೀರಿ. ನೋಡಲು ಬರುವವರು ಅಂತ ಬೇರೆ ಇಲ್ಲ, ಇರುವವರೆಲ್ಲ ಆಡುವವರೇ. ನಮ್ಮ ಕಡೆ ಬ್ರೋಕೆಲೋ ಅನ್ನುವ ಹಳ್ಳಿಯ ಬಯಲಲ್ಲಿ ಬೇಸಿಗೆಯಲ್ಲಿ ಕಾಂಕ್ವೆಸ್ಟ್ ಆಫ್ ಮಿಥೋಡಿಯಾ ಅನ್ನುವ ದೊಡ್ಡ ಲಾರ್ಪ್ ನಡೆಯುತ್ತದೆ, ಸಾವಿರಾರು ಜನ ಸೇರುತ್ತಾರೆ. ಯುದ್ಧ ಶುರುವಾದರೆ ಧೂಳು, ಕೂಗಾಟ, ತಳ್ಳಾಟ. ಎದುರಿಗಿರುವವರ ಮುಖ ಕೂಡ ಸರಿಯಾಗಿ ಕಾಣುವುದಿಲ್ಲ. ತಲೆಗೆ ಹೊಡೆಯಬಾರದು, ಏಟನ್ನು ಕೊನೆಯಲ್ಲಿ ತಡೆದು ಮೆಲ್ಲಗೆ ತಾಗಿಸಬೇಕು ಅನ್ನುವ ನಿಯಮ ಇದ್ದೇ ಇದೆ. ಆದರೂ ಆ ಗಡಿಬಿಡಿಯಲ್ಲಿ ಕೈ ತಪ್ಪುತ್ತದೆ. ಆಗ ಕಾಯಬೇಕಾದದ್ದು ಕತ್ತಿಯೇ.

ಮೊದಲು ಒಳಗಿನ ಕಡ್ಡಿಯ ವಿಷಯ. ಕಡ್ಡಿ ಇಲ್ಲದಿದ್ದರೆ ಫೋಮ್ ಜೋತು ಬೀಳುತ್ತದೆ, ಆದರೆ ಅಪಾಯ ತರುವುದೂ ಅದೇ ಕಡ್ಡಿ. ನಾನು ಬಳಸುವುದು 10 ಮಿ.ಮೀ. ದಪ್ಪದ ಫೈಬರ್‌ಗ್ಲಾಸ್ ಕಡ್ಡಿ. ಅದು ಬಾಗುತ್ತದೆ, ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ. ಪಿವಿಸಿ ಪೈಪ್ ಅಗ್ಗ, ಆದರೆ ಚಳಿಯಲ್ಲಿ ಪೆಡಸಾಗಿ ಸೀಳುತ್ತದೆ. ಬಿದಿರು ಮುರಿದರೆ ಈಟಿಯ ಮೊನೆಯೇ ಸಿದ್ಧವಾಗುತ್ತದೆ. ಕಬ್ಬಿಣದ ಮಾತೇ ಬೇಡ. ಫೈಬರ್‌ಗ್ಲಾಸ್ ಕೊಯ್ಯುವಾಗ ನೀರು ಹಾಕಿ ಒದ್ದೆ ಮಾಡಿಕೊಂಡು ಹ್ಯಾಕ್ಸಾದಲ್ಲಿ ಕೊಯ್ಯಿರಿ, ಮಾಸ್ಕ್ ಮತ್ತು ಗ್ಲೌಸ್ ಹಾಕಿಕೊಳ್ಳಿ. ಆ ಪುಡಿ ಚರ್ಮಕ್ಕೆ ಹೊಕ್ಕರೆ ವಿಪರೀತ ತುರಿಕೆ, ಉಸಿರಲ್ಲಂತೂ ಹೋಗಲೇಬಾರದು.

ಕೊಯ್ದ ಎರಡೂ ತುದಿಯನ್ನು ಉಜ್ಜಿ ಗುಂಡಗೆ ಮಾಡುತ್ತೇನೆ. ಆಮೇಲೆ ಒಂದು ಬೆರಳಗಲದ ಚರ್ಮದ ಪಟ್ಟಿ ತಗೊಂಡು ತುದಿಯ ಮೇಲೆ ಟೋಪಿ ಹಾಗೆ ಮಡಚಿ, ಕಡ್ಡಿಯ ಎರಡು ಮಗ್ಗುಲಿಗೂ ಇಳಿಸಿ ಅಂಟಿಸಿ, ದಪ್ಪ ದಾರದಿಂದ ಬಿಗಿಯಾಗಿ ಸುತ್ತುತ್ತೇನೆ. ಅದರ ಮೇಲೆ ಅಡ್ಡಲಾಗಿ ಇನ್ನೊಂದು ಪಟ್ಟಿ. ಇಡೀ ಕೆಲಸದಲ್ಲಿ ನಾನು ಜಾಸ್ತಿ ಹೊತ್ತು ಕೊಡುವುದು ಇಲ್ಲಿಗೇ. ಕತ್ತಿ ಹಳೆಯದಾದಂತೆ ಕಡ್ಡಿ ಫೋಮನ್ನು ಒಳಗಿಂದಲೇ ಕೊರೆದುಕೊಂಡು ತುದಿಯ ಕಡೆ ಮುಂದೆ ಮುಂದೆ ಬರುತ್ತದೆ, ಹೊರಗಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ತಡೆಯುವುದು ಈ ಚರ್ಮದ ಟೋಪಿ. ಒಮ್ಮೆ ಮುಚ್ಚಿದ ಮೇಲೆ ಇದನ್ನು ಯಾರೂ ನೋಡುವುದಿಲ್ಲ, ಸರಿ ಮಾಡಲೂ ಆಗುವುದಿಲ್ಲ. ಹಾಗಾಗಿ ಮುಚ್ಚುವ ಮೊದಲೇ ಮನಸ್ಸಿಗೆ ಸಮಾಧಾನ ಆಗಬೇಕು.

ಫೋಮ್ ಯಾವುದಾದರೂ ಆಗುತ್ತದೆ ಅಂತ ತಿಳಿಯಬೇಡಿ. ಹಾಸಿಗೆ, ಸೋಫಾದ ಸ್ಪಂಜು ಸುಮ್ನೆ ಅಮುಕಿಕೊಂಡು ಕಡ್ಡಿಗೆ ದಾರಿ ಬಿಟ್ಟುಕೊಡುತ್ತದೆ. ಬೇಕಾದದ್ದು ಗುಳ್ಳೆಗಳು ಮುಚ್ಚಿರುವ, ನೀರು ಹೀರದ ಫೋಮ್. ಕ್ಯಾಂಪಿಂಗ್ ಚಾಪೆಯಲ್ಲಿ ಇರುತ್ತದಲ್ಲ, ಆ ಜಾತಿಯದ್ದು. ಬ್ರಿಟನ್‌ನಲ್ಲಿ ಹೆಚ್ಚಿನವರು ಹೇಳುವುದು ಪ್ಲಾಸ್ಟಜೋಟ್ ಎಲ್‌ಡಿ45, ಅಂದರೆ ಒಂದು ಘನ ಮೀಟರಿಗೆ 45 ಕೆ.ಜಿ. ತೂಗುವ ಪಾಲಿಥಿನ್ ಫೋಮ್. ನಾನು ಅಲಗಿಗೆ 10 ಮಿ.ಮೀ. ದಪ್ಪದ ಹಾಳೆ ಮೂರು ಪದರ ಹಾಕುತ್ತೇನೆ. ನಡುವಿನ ಪದರದಲ್ಲಿ ಕಡ್ಡಿಗೆ ಸರಿಯಾಗಿ ಕಾಲುವೆ ಕೊಯ್ದು ಕೂರಿಸುವುದು, ಆಚೆ ಈಚೆ ಒಂದೊಂದು ಪದರ ಮುಚ್ಚುವುದು.

ಅಳತೆ ಹೇಳುತ್ತೇನೆ. ಒಟ್ಟು 100 ಸೆಂ.ಮೀ. ಉದ್ದದ ಕತ್ತಿಗೆ ಕಡ್ಡಿ 90 ಸೆಂ.ಮೀ. ಮಾತ್ರ. ತುದಿಯ 7 ಸೆಂ.ಮೀ. ಬರೀ ಫೋಮ್, ಹಿಡಿಯ ಬುಡದ ಗುಂಡಿನಲ್ಲೂ ಕಡ್ಡಿಯಿಂದಾಚೆ 3 ಸೆಂ.ಮೀ. ಫೋಮ್. ಬುಡವನ್ನು ಮರೆಯುವವರು ಜಾಸ್ತಿ, ಆದರೆ ಹತ್ತಿರದ ನೂಕಾಟದಲ್ಲಿ ಪಕ್ಕದವರ ಮುಖಕ್ಕೆ ತಾಗುವುದು ಬುಡವೇ. ಅಲಗಿನ ಅಗಲ 6 ಸೆಂ.ಮೀ. ಇಟ್ಟರೆ ಕಡ್ಡಿಯ ಎರಡೂ ಬದಿಗೆ 2.5 ಸೆಂ.ಮೀ. ಉಳಿಯುತ್ತದೆ. ಅಂಚನ್ನು ಇಳಿಜಾರಾಗಿ ಕೊಯ್ಯುವಾಗ ಈ 2.5 ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಕಟರ್ ಬ್ಲೇಡ್ ಹೊಸದಿರಲಿ, ಉದ್ದಕ್ಕೆ ಹೊರತೆಗೆದು ಒಂದೇ ಎಳೆತಕ್ಕೆ ಎಳೆಯಿರಿ. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಫೋಮ್ ಹರಿದು ಮೆಟ್ಟಿಲು ಮೆಟ್ಟಿಲಾಗುತ್ತದೆ. ಸಣ್ಣ ಪುಟ್ಟ ಏರುಪೇರಿಗೆ ನಯವಾದ ಸ್ಯಾಂಡ್‌ಪೇಪರ್ ಸಾಕು.

ಅಂಟು ಕಾಂಟ್ಯಾಕ್ಟ್ ಜಾತಿಯದ್ದು. ಇಲ್ಲಿ ಪ್ಯಾಟೆಕ್ಸ್ ಸಿಗುತ್ತದೆ, ಊರಲ್ಲಾದರೆ ಫೆವಿಕಾಲ್ ಎಸ್‌ಆರ್ ಥರದ್ದು ನೋಡಬಹುದು. ಯಾವುದಾದರೂ ಮೊದಲು ಒಂದು ಚೂರು ಫೋಮ್ ಮೇಲೆ ಹಚ್ಚಿ, ಕರಗಿಸುತ್ತದೆಯಾ ಅಂತ ಪರೀಕ್ಷೆ ಮಾಡಿ. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು 10–15 ನಿಮಿಷ ಬಿಡಿ. ಕೂರಿಸುವಾಗ ಒಂದು ತುದಿಯಿಂದ ಒತ್ತುತ್ತಾ ಹೋಗಿ, ಏಕೆಂದರೆ ಒಮ್ಮೆ ತಾಗಿದರೆ ಸರಿಸಲು ಬರುವುದಿಲ್ಲ. ಕಡ್ಡಿ ನುಣುಪಾಗಿರುತ್ತದೆ, ಅದನ್ನು ಒರಟು ಸ್ಯಾಂಡ್‌ಪೇಪರಿನಿಂದ ಉಜ್ಜಿದ ಮೇಲೆಯೇ ಅಂಟು. ಇದು ಸರಿಯಾಗದಿದ್ದರೆ ಕಡ್ಡಿ ಒಳಗೆ ತಿರುಗಲು ಶುರುವಾಗುತ್ತದೆ. ಅಲಗನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಹಿಡಿಯನ್ನು ತಿರುಚಿ ನೋಡಿ, ಎರಡೂ ಬೇರೆ ಬೇರೆ ತಿರುಗಿದರೆ ಆ ಕತ್ತಿ ಮೈದಾನಕ್ಕೆ ಬೇಡ. ಅಂಟಿನ ಹೊಗೆ ತಲೆ ಸುತ್ತಿಸುತ್ತದೆ, ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಮೇಲಿನ ಹೊದಿಕೆ ಲೇಟೆಕ್ಸ್, ಅಂದರೆ ರಬ್ಬರ್ ಹಾಲು. ರಬ್ಬರ್ ತೋಟದ ಊರಿನವನಾದ್ದರಿಂದ ಈ ಹಾಲು ನನಗೆ ಹೊಸದಲ್ಲ. ಅಲ್ಲಿ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟ್ ಹೊಡೆಯುತ್ತಾರೆ. ಇಲ್ಲಿ ಡಬ್ಬಿಯಲ್ಲಿ ಬರುವುದಕ್ಕೆ ಹೆಪ್ಪುಗಟ್ಟದಿರಲಿ ಅಂತ ಅಮೋನಿಯಾ ಹಾಕಿರುತ್ತಾರೆ, ಮೂಗಿಗೆ ಅಡರುವುದು ಅದು. ದಪ್ಪಗೆ ಬಳಿಯುವ ಆಸೆ ಬೇಡ. ತೆಳ್ಳಗೆ ಒಂದು ಪದರ, ಪೂರ್ತಿ ಒಣಗಿದ ಮೇಲೆ ಇನ್ನೊಂದು. ಹೀಗೆ ಆರೇಳು ಪದರ ಬೇಕು. ಹಸಿಯಾಗಿ ಬೆಳ್ಳಗಿರುವುದು ಒಣಗಿದಂತೆ ಪಾರದರ್ಶಕವಾಗಿ ಹಳದಿಗೆ ತಿರುಗುತ್ತದೆ, ಬಿಳಿ ಮಚ್ಚೆ ಉಳಿದಿದ್ದರೆ ಅಲ್ಲಿ ಇನ್ನೂ ಹಸಿ ಅಂತ ಅರ್ಥ. ಬಣ್ಣವನ್ನು ಲೇಟೆಕ್ಸ್‌ಗೇ ಬೆರೆಸಿ ಹಚ್ಚುತ್ತೇನೆ, ಆಗ ಬಾಗಿದರೂ ಚಕ್ಕೆ ಏಳುವುದಿಲ್ಲ. ಕೊನೆಗೆ ಲೇಟೆಕ್ಸ್ ಆಯುಧಕ್ಕೆಂದೇ ಸಿಗುವ, ಬಾಗುವ ಮೇಲ್ಲೇಪ. ತಂಡದಲ್ಲಿ ಲೇಟೆಕ್ಸ್ ಅಲರ್ಜಿ ಇರುವವರು ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಇದ್ದರೆ ಬೇರೆ ಹೊದಿಕೆ ಹುಡುಕಬೇಕು, ಮೇಲ್ಲೇಪವನ್ನು ನಂಬಿ ಸುಮ್ಮನಿರಬಾರದು.

ಇಲ್ಲಿವರೆಗೆ ಹೇಳಿದ್ದು ನೇರ ಕತ್ತಿಯ ಕಥೆ. ನಮ್ಮ ತಂಡದಲ್ಲಿ ಮಡಿಕೇರಿಯ ಹುಡುಗಿಯೊಬ್ಬಳಿದ್ದಾಳೆ, ಅವಳು ಕೇಳಿದ್ದು ಒಡಿಕತ್ತಿ. ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಪೂಜೆಗೆ ಇಡುವ, ಮುಂದಕ್ಕೆ ಬಾಗಿದ ಅಗಲ ಅಲಗಿನ ಕತ್ತಿ ಅದು. ಕೇಳಿದ ಕೂಡಲೇ ಖುಷಿಯಾಯಿತು, ಚಿತ್ರ ಬಿಡಿಸಲು ಕೂತ ಮೇಲೆ ಕಷ್ಟ ಗೊತ್ತಾಯಿತು. ಕಡ್ಡಿ ನೇರ, ಅಲಗು ಬಾಗು. ಕಡ್ಡಿಯನ್ನು ಬೆನ್ನಿನ ಕಡೆ ಓಡಿಸಿದರೆ ಅಲಗು ಅಗಲವಾಗುವ ಜಾಗದಲ್ಲಿ ಆಧಾರವಿಲ್ಲದ ಫೋಮ್ ತುಂಬಾ ಉಳಿದು ಬೀಸಿದಾಗ ಲಟಪಟ ಅನ್ನುತ್ತದೆ. ಎರಡು ಕಡ್ಡಿ ಹಾಕಿದರೆ ಒಂದು ಅಂಚಿಗೆ ಹತ್ತಿರ ಬರುತ್ತದೆ, ಅದು ಆಗದ ಮಾತು.

ಹಾಗಾಗಿ ಒಂದೇ ಕಡ್ಡಿಯನ್ನು ಬೆನ್ನಿನ ಕಡೆಗೇ ಇಡುವುದು ಅಂತ ಮಾಡಿ, ಕತ್ತಿ ಬಿಡಿಸುವ ಮೊದಲು ಕಾಗದದ ಮೇಲೆ ಆ ಕಡ್ಡಿ ಬಿಡಿಸಿದೆ. ಅದರ ಸುತ್ತ 2.5 ಸೆಂ.ಮೀ. ಗೆರೆ, ತುದಿಗೆ 7 ಸೆಂ.ಮೀ. ಆ ಗೆರೆಯ ಒಳಗೆ ಯಾವ ಅಂಚೂ ಬರಬಾರದು ಅಂತ ಇಟ್ಟುಕೊಂಡು, ಹೊರಗೆ ಒಡಿಕತ್ತಿಯ ಆಕಾರ ಕೂರಿಸಿದೆ. ಅಗಲ ಜಾಗಕ್ಕೆ ನಡುವಿನ ಪದರದಲ್ಲಿ ಮಾತ್ರ ಗಟ್ಟಿ ಇವಿಎ ಫೋಮ್ (ಚಪ್ಪಲಿಯ ಅಟ್ಟೆಗೆ ಬಳಸುವ ಜಾತಿಯದ್ದು) ಹಾಕಿ, ಅದನ್ನು ಅಂಚಿಗಿಂತ 3 ಸೆಂ.ಮೀ. ಮೊದಲೇ ನಿಲ್ಲಿಸಿದೆ. ಅಂಚಿಗೆ ಮೆತ್ತನೆಯದ್ದೇ. ಬಾಗಿದ ಮೂತಿ ಚೂಪಾಗಿ ಬಂದರೆ ಕಣ್ಣಿಗೆ ಅಪಾಯ, ಅದಕ್ಕೆ 5 ಸೆಂ.ಮೀ. ಅಗಲಕ್ಕೆ ಗುಂಡಗೆ ತಿರುಗಿಸಿದೆ. ಅವಳು ಅಜ್ಜನ ಮನೆಯ ಒಡಿಕತ್ತಿಯ ಫೋಟೋ ತೋರಿಸಿ, "ಅಣ್ಣಾ, ಬೆನ್ನು ಇಷ್ಟು ದಪ್ಪ ಇದ್ರೆ ಹೇಗೆ? ನಮ್ಮದು ಹೀಗಿಲ್ಲ ಅಲ್ವಾ" ಅಂದಳು. "ಬೆನ್ನಿನಿಂದಲೂ ಏಟು ಬೀಳುತ್ತೆ ಮಾರಾಯ್ತಿ, ಕಡ್ಡಿ ಇರೋದೇ ಅಲ್ಲಿ" ಅಂದೆ. ಕೊನೆಗೆ ದಪ್ಪ ಹಾಗೇ ಇಟ್ಟು, ಬೆನ್ನಿಗೆ ಗಾಢ ಬಣ್ಣ, ಅಂಚಿಗೆ ತಿಳಿ ಬಣ್ಣ ಕೊಟ್ಟೆವು. ನಾಲ್ಕು ಹೆಜ್ಜೆ ದೂರದಿಂದ ನೋಡಿದರೆ ಅಲಗು ತೆಳ್ಳಗೇ ಕಾಣುತ್ತದೆ.

ಒಡಿಕತ್ತಿಯನ್ನು ಬೆನ್ನ ಹಿಂದೆ ಸಿಕ್ಕಿಸುವ ತೊಡಂಗ್ ನಿಜದಲ್ಲಿ ಹಿತ್ತಾಳೆಯದ್ದು. ಅದನ್ನೂ ಇವಿಎ ಫೋಮಿನಲ್ಲೇ ಮಾಡಿ ಚಿನ್ನದ ಬಣ್ಣ ಬಳಿದೆವು. ಓಡುವಾಗ ಹಿಂದಕ್ಕೆ ಬಿದ್ದರೆ ಲೋಹ ಬೆನ್ನುಮೂಳೆಗೆ ಬಡಿಯುತ್ತದೆ. ಇನ್ನೊಂದು ಕಾರಣವೂ ಇದೆ. ತಾಮ್ರ ರಬ್ಬರಿಗೆ ಶತ್ರು, ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ. ಅದು ಒತ್ತಿಕೊಂಡಿರುವ ಕಡೆ ಲೇಟೆಕ್ಸ್ ಬೇಗ ಹಾಳಾಗುತ್ತದೆ.

ಆಟದ ಮೊದಲು ವಾಫೆನ್‌ಚೆಕ್ ಇರುತ್ತದೆ, ಆಯುಧ ತಪಾಸಣೆ. ಅನುಭವಸ್ಥರು ತುದಿಯನ್ನು ಎರಡು ಬೆರಳಲ್ಲಿ ಹಿಚುಕಿ ಕಡ್ಡಿ ಎಲ್ಲಿ ನಿಂತಿದೆ ಅಂತ ಹುಡುಕುತ್ತಾರೆ, ಅಂಚಿನುದ್ದಕ್ಕೂ ಒತ್ತುತ್ತಾರೆ, ಅಲಗನ್ನು ಬಾಗಿಸಿ ಬಿಡುತ್ತಾರೆ, ಬುಡ ಅಮುಕುತ್ತಾರೆ, ಲೇಟೆಕ್ಸ್ ಹರಿದಿದೆಯಾ ಅಂತ ಕೈಯಾಡಿಸುತ್ತಾರೆ. ನಾನು ಇದನ್ನೆಲ್ಲ ಮನೆಯಲ್ಲೇ ಮಾಡಿ, ಆಮೇಲೆ ನನ್ನ ತೊಡೆಗೂ ಮುಂಗೈಗೂ ಬೀಸಿಕೊಂಡು ನೋಡುತ್ತೇನೆ. ಆಟದಲ್ಲಿ ಬೀಳುವುದಕ್ಕಿಂತ ಜೋರಾಗಿ. ನನಗೆ ಚುರ್ ಅಂದರೆ ಬೇರೆಯವರ ಮೇಲೆ ಬೀಸುವ ಹಕ್ಕು ನನಗಿಲ್ಲ. ಇಷ್ಟಾದರೂ ಕಡ್ಡಿ ಇರುವ ಕತ್ತಿಯಿಂದ ತಿವಿಯಬಾರದು. ತುದಿಯ ಫೋಮ್ ಇರುವುದು ಕೈ ತಪ್ಪಿದಾಗ ಕಾಯಲು ಮಾತ್ರ. ಎಸೆಯುವ ಚಾಕು, ಕಲ್ಲುಗಳಲ್ಲಿ ಕಡ್ಡಿಯೇ ಇರಬಾರದು. ಬಾಣ ನಾನು ಮಾಡುವುದಿಲ್ಲ. ಅದರ ತಲೆ ಕಣ್ಣಿನ ಗೂಡಿಗಿಂತ ದೊಡ್ಡದಿರಬೇಕು, ಬಾಣದ ಕಡ್ಡಿ ಯಾವ ಕಾರಣಕ್ಕೂ ಅದನ್ನು ಸೀಳಿ ಬರಬಾರದು. ಅಂಥದ್ದನ್ನು ಅದಕ್ಕಾಗಿಯೇ ಮಾಡುವವರಿಂದ ಕೊಂಡುಕೊಳ್ಳುವುದೇ ಸರಿ.

ಅಮೆರಿಕದಲ್ಲಿರುವ ಗೆಳೆಯರಿಗೆ ಒಂದು ಮಾತು. ಅಲ್ಲಿ 1977ರಿಂದ ಇರುವ ಡಾಗೊರ್‌ಹಿರ್‌ನಂಥ ಆಟದಲ್ಲಿ ಏಟು ಜೋರಾಗಿಯೇ ಬೀಳಬೇಕು, ಅದಕ್ಕೆ ತಕ್ಕಂತೆ ದಪ್ಪ ಫೋಮ್, ಮೇಲೆ ಬಟ್ಟೆ. ನಾನು ಹೇಳಿದ ಲೇಟೆಕ್ಸ್ ಕತ್ತಿ ಮೆಲ್ಲಗೆ ತಾಗಿಸುವ ಆಟದ್ದು. ಅದನ್ನು ಅಲ್ಲಿ ಬಳಸಬೇಡಿ. ನಿಮ್ಮ ಆಟದ ನಿಯಮ ಓದಿ ಆಮೇಲೆ ಕಟರ್ ಹಿಡಿಯಿರಿ.

ಕತ್ತಿಯನ್ನು ತುದಿಯ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಬೇಡಿ, ಊರುಗೋಲಿನ ಹಾಗೆ ಊರಿಕೊಂಡು ನಿಲ್ಲಬೇಡಿ, ಕಡ್ಡಿ ಫೋಮಿನೊಳಗೆ ಇಳಿಯಲು ಅಷ್ಟು ಸಾಕು. ಬಿಸಿಲು ಮತ್ತು ಎಣ್ಣೆ ತಾಗಿಸಬೇಡಿ. ಅಂಟಂಟು ಅನ್ನಿಸಿದರೆ ಸಿಲಿಕೋನ್ ಸ್ಪ್ರೇ ತೆಳ್ಳಗೆ ಹೊಡೆಯಿರಿ. ಲೇಟೆಕ್ಸ್ ಸಣ್ಣಗೆ ಹರಿದರೆ ಎರಡು ಪದರ ಹಾಲು ಹಚ್ಚಿದರೆ ಸರಿಹೋಗುತ್ತದೆ. ಆದರೆ ಬಾಗಿಸಿದಾಗ ಒಳಗಿಂದ ಕರಕರ ಸದ್ದು ಬಂದರೆ ಕಡ್ಡಿ ಸೀಳಿದೆ ಅಂತಲೇ ತಿಳಿಯಿರಿ. ಅಂಥದ್ದನ್ನು ನಾನು ಟೇಪ್ ಸುತ್ತಿ ಉಳಿಸಿಕೊಳ್ಳುವುದಿಲ್ಲ. ಫೋಮ್ ಉದ್ದಕ್ಕೆ ಸೀಳಿ, ಕಡ್ಡಿ ಹೊರತೆಗೆದು, ಎರಡನ್ನೂ ಬೇರೆ ಬೇರೆ ಎಸೆಯುತ್ತೇನೆ. ಚೆನ್ನಾಗಿ ಕಾಣುತ್ತದೆ ಅಂತ ಇನ್ಯಾರೋ ಎತ್ತಿಕೊಂಡು ಆಟಕ್ಕೆ ಇಳಿಯಬಾರದಲ್ಲ.